ಹೌದು, ವಿಡಿಯೊದಲ್ಲಿ ಇರುವವರು ಅಬ್ಬಾ

ಸವಣೂರು
ರವಿವಾರ, ೧೭ ನವೆಂಬರ್ ೨೦೨೪

ಪ್ರೀತಿಯ ತಮ್ಮ ಮುಬಶೀರ,

ನಿನಗೆ ನಿನ್ನ ಆಪಾಳ ಸಲಾಮು, ಅಮ್ಮಾಳ ದುವಾ. ಇಲ್ಲಿ ಎಲ್ಲರೂ ಉಂಡುಟ್ಟು ಇದ್ದೇವೆ. ಅದಕ್ಕಿಂತ ಹೆಚ್ಚಿನ ಕ್ಷೇಮಸಮಾಚಾರ ಬರೆಯಲು ನನ್ನ ಕೈ ಏಳುತ್ತಿಲ್ಲ. ನಿನ್ನ ತೋಳುಗಳಿಗೆ ಬಲ ಬಂದಿದೆ, ಗಾಲಿಕುರ್ಚಿಯಿಂದ ಮಂಚಕ್ಕೆ ಯಾರ ಆಸರೆಯೂ ಇಲ್ಲದೆ ಹೋಗುತ್ತೀಯ ಎಂದು ನಿಮ್ಮ ಪುನರ್ವಸತಿ ಕೇಂದ್ರದ ಸಿಸ್ಟರ್ ಹೇಳಿದರು. ಅಮ್ಮಾ ಅದನ್ನು ಓಣಿಯ ಎಲ್ಲ ಮನೆಗಳಿಗೂ ಹೇಳಿ ಬಂದಳು.

ನೀನು ಆ ವಿಡಿಯೊ ಕಳಿಸಿ, ‘ಆಪಾ, ಇದರಲ್ಲಿ ಇರುವವರು ಅಬ್ಬಾನಾ?’ ಎಂದು ಕೇಳಿ ಮೂರು ವಾರದ ಮೇಲಾಯಿತು. ನಾನು ಉತ್ತರ ಕೊಡಲಿಲ್ಲ. ನೀನು ಫೋನ್ ಮಾಡಿದಾಗಲೂ ಬೇರೆ ಏನೇನೋ ಮಾತಾಡಿ ತಪ್ಪಿಸಿಕೊಂಡೆ. ಬೇಜಾರು ಮಾಡಿಕೊಳ್ಳಬೇಡ. ಮನೆಯಲ್ಲಿ ನಿನ್ನ ಫೋನ್ ಬಂತೆಂದರೆ ಎಲ್ಲರೂ ಸುತ್ತ ಕೂರುತ್ತಾರೆ, ಅಲ್ಲಿ ಈ ಮಾತು ಆಡಲಾಗದು. ಮೆಸೇಜಿನಲ್ಲಿ ಬರೆಯಲು ಹೋದರೆ ಸಿಟ್ಟಿನಲ್ಲಿ ಒಂದರ ಬದಲು ಇನ್ನೊಂದು ಅಕ್ಷರ ಬಿದ್ದು, ಅಳಿಸಿ ಹಾಕಿದೆ. ಅದಕ್ಕೇ ಈ ಕಾಗದ. ನಮ್ಮ ಓಣಿಯ ನಾಸೀರ ಬುಧವಾರ ನಿಮ್ಮ ಕೇಂದ್ರ ಇರುವ ಊರಿಗೆ ಲಾರಿ ಒಯ್ಯುತ್ತಾನಂತೆ. ಸವಣೂರಿನ ಕುರುಕಲು ಖಾರಾದ ಪೊಟ್ಟಣದ ಜೊತೆ ಇದನ್ನೂ ಅವನ ಕೈಗೆ ಕೊಡುತ್ತೇನೆ.

ಹೌದು, ವಿಡಿಯೊದಲ್ಲಿ ಇರುವವರು ಅಬ್ಬಾ. ಕಾಲು ಹಿಡಿದವನು ಜಮಾಲಸಾಬ ಚಾಚಾ. ಅದು ನಡೆದದ್ದು ನಮ್ಮ ಸವಣೂರಿನಲ್ಲೇ, ನಾನೇ ಕಲಿಸಲು ನಿಂತಿದ್ದ ಶಿಬಿರದಲ್ಲಿ. ಇನ್ನುಳಿದದ್ದನ್ನು ಮೊದಲಿನಿಂದ ಹೇಳುತ್ತೇನೆ, ನಡುವೆ ನನ್ನ ಸಿಟ್ಟು ಬಂದರೆ ಸಹಿಸಿಕೋ.

ನೀನು ಆ ಕೇಂದ್ರಕ್ಕೆ ಹೋದ ಮೇಲೆ, ಮಳೆಗಾಲದ ಹೊತ್ತಿಗೆ, ಶಿಗ್ಗಾಂವದ ನಮ್ಮ ನರ್ಸಿಂಗ್ ಕಾಲೇಜಿಗೆ ಒಂದು ಯೋಜನೆ ಬಂತು. ಬೆನ್ನುಹುರಿಗೆ ಪೆಟ್ಟಾದವರನ್ನು ಬಿದ್ದ ಜಾಗದಿಂದ ಎತ್ತುವುದು ಹೇಗೆ, ಹೊರಳಿಸುವುದು ಹೇಗೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ಹೇಗೆ ಎಂದು ಕಲಿಸುವ ತರಬೇತಿ. ಮೊದಲು ನಮ್ಮ ವಿದ್ಯಾರ್ಥಿಗಳಿಗೆ, ಆಮೇಲೆ ಆಂಬುಲೆನ್ಸಿನವರಿಗೆ, ಕೊನೆಗೆ ಊರಿನ ಜನರಿಗೆ. ಹೆದ್ದಾರಿ ಕಾಲೇಜಿನ ಮುಂದೆಯೇ ಹಾದು ಹೋಗುತ್ತದಲ್ಲ, ಬೀಳುವವರಿಗೆ ಅಲ್ಲಿ ಬರಗಾಲವಿಲ್ಲ.

ಯೋಜನೆಯ ಜೊತೆ ಒಂದು ಪೆಟ್ಟಿಗೆ ಬಂತು. ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ಕಪ್ಪು ಡಬ್ಬಿಗಳು, ಅವನ್ನು ಮೈಗೆ ಕಟ್ಟುವ ಪಟ್ಟಿಗಳು. ಸೆನ್ಸರ್ ಅನ್ನುತ್ತಾರೆ. ರೋಗಿಯ ಹಾಗೆ ಮಲಗಿದವನ ಹಣೆಗೊಂದು, ಎದೆಗೊಂದು, ನಡುವಿಗೊಂದು ಕಟ್ಟುತ್ತೇವೆ. ಅವನನ್ನು ಹೊರಳಿಸುವಾಗ ಮೈ ಎಲ್ಲಿ ಬಾಗಿತು, ಎಲ್ಲಿ ತಿರುಚಿತು ಎಂಬುದು ಆಗಿಂದಾಗಲೇ ಪರದೆಯ ಮೇಲೆ ಕಾಣುತ್ತದೆ. ತಲೆ, ಎದೆ, ನಡು ಮೂರೂ ಒಂದೇ ಮರದ ದಿಮ್ಮಿಯಂತೆ ಹೊರಳಿದರೆ ಹಸಿರು ಗೆರೆ. ಒಂದು ಮುಂದೆ ಹೋಗಿ ಇನ್ನೊಂದು ಹಿಂದುಳಿದರೆ ಕೆಂಪು, ಜೊತೆಗೆ ಕಿವಿ ಚುಚ್ಚುವ ಸದ್ದು.

ನಿಜ ಹೇಳುತ್ತೇನೆ, ಆ ಪೆಟ್ಟಿಗೆ ನನಗೆ ಬಹಳ ಇಷ್ಟವಾಯಿತು. ಅಲ್ಲಿಯವರೆಗೆ ಹುಡುಗಿಯರು ‘ಸರಿ ಆತೇನ್ರಿ ಮೇಡಂ’ ಎಂದು ಕೇಳಿದರೆ, ಕಣ್ಣಿಗೆ ಕಂಡಷ್ಟು ನೋಡಿ ‘ಹ್ಞೂಂ, ಆತು’ ಎನ್ನುತ್ತಿದ್ದೆ. ಈಗ ತಪ್ಪು ಎಲ್ಲಾಯಿತು ಎಂದು ಅವರೇ ನೋಡಿ ತಿದ್ದಿಕೊಳ್ಳತೊಡಗಿದರು. ನನ್ನ ಜೊತೆ ಕಲಿಸುವ ಅಕ್ಕಿಆಲೂರಿನ ಸಮತಾ ಒಂದು ಸಂಗತಿ ಪತ್ತೆ ಹಚ್ಚಿದಳು. ತಲೆ ಹಿಡಿದವರು ಅಲುಗದೆ ಇದ್ದರೂ ಕುತ್ತಿಗೆಗೆ ಕೆಂಪು ಬರುತ್ತಿತ್ತು. ಯಾಕೆಂದರೆ ನಡು ಹಿಡಿದವರು ಸಹಾಯ ಮಾಡುವ ಅವಸರದಲ್ಲಿ ಒಂದು-ಎರಡು-ಮೂರು ಎಂಬ ಲೆಕ್ಕ ಮುಗಿಯುವ ಮೊದಲೇ ಎಳೆದುಬಿಡುತ್ತಿದ್ದರು. ಬೈಸಿಕೊಳ್ಳುತ್ತಿದ್ದವರು ಮಾತ್ರ ಯಾವಾಗಲೂ ತಲೆ ಹಿಡಿದವರು. ಅದನ್ನು ಕಂಡ ದಿನ ನಾವಿಬ್ಬರೂ ಮಕ್ಕಳ ಹಾಗೆ ಖುಷಿಪಟ್ಟೆವು. ನಿನ್ನನ್ನು ನೆನೆದು ನನಗೆ ಅಳುವೂ ಬಂತು.

ತರಬೇತಿಯ ಮುಖ್ಯಸ್ಥರು ಹುಬ್ಬಳ್ಳಿಯಿಂದ ಬರುವ ಗುತ್ತಲ ಡಾಕ್ಟರು. ಅವರಿಗೆ ಕಲಿಸಲು ಬರುತ್ತದೆ. ಅವರ ಮೇಲೆ ಇಷ್ಟು ಉರಿಯುತ್ತಿರುವ ಈಗಲೂ ಅದನ್ನು ಇಲ್ಲ ಎನ್ನಲಾರೆ. ಊರಿನ ಜನರ ಶಿಬಿರ ಮೊದಲು ಹಾನಗಲ್ಲಿನಲ್ಲಿ ಆಯಿತು. ಅಲ್ಲಿ ತಪ್ಪು ಕ್ರಮ ಯಾವುದು ಎಂದು ನಮ್ಮ ವಿದ್ಯಾರ್ಥಿಗಳೇ ಮಾಡಿ ತೋರಿಸಿದರು, ಸರಿಯಾದದ್ದನ್ನು ಜನರಿಂದ ಮಾಡಿಸಿದೆವು. ಚೆನ್ನಾಗಿ ನಡೆಯಿತು. ಆದರೆ ಡಾಕ್ಟರಿಗೆ ಅದು ಸಪ್ಪೆ ಅನ್ನಿಸಿತಂತೆ. ಸವಣೂರಿನಲ್ಲಿ ಜನರ ಕೈಯಿಂದಲೇ ತಪ್ಪು ಮಾಡಿಸೋಣ, ಪರದೆ ಕೆಂಪಾದದ್ದನ್ನು ಕಣ್ಣಾರೆ ಕಂಡರೆ ಜೀವ ಇರುವವರೆಗೆ ಮರೆಯುವುದಿಲ್ಲ ಎಂದರು. ಮರೆಯುವುದಿಲ್ಲ ಎಂಬುದೇನೋ ನಿಜವಾಯಿತು.

ಆ ದಿನ ಅಬ್ಬಾ ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮಗಳು ಅಷ್ಟು ಜನರ ಮುಂದೆ ನಿಂತು ಕಲಿಸುವುದನ್ನು ನೋಡಬೇಕೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅತಿಥಿಗಳಿಗೆಂದು ತೋಟದ ಎಳೆ ವೀಳ್ಯದೆಲೆಯ ಪೆಂಡಿ ಹಿಡಿದು, ಜಮಾಲಸಾಬ ಚಾಚಾನನ್ನೂ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಅವರನ್ನು ನೋಡಿ ನನಗೂ ಹೆಮ್ಮೆಯೇ ಆಯಿತು.

ನಮ್ಮ ವಿದ್ಯಾರ್ಥಿ ಮೈಲಾರಿ ರೋಗಿಯಾಗಿ ಮಲಗಿದ್ದ. ಡಾಕ್ಟರು ಮೈಕು ಹಿಡಿದು, ‘ತ್ವಾಟದಾಗ ಒಬ್ಬ ಮನಷ್ಯಾ ಮ್ಯಾಲಿಂದ ಬಿದ್ದಾನ. ನೀವು ಹೆಂಗ ಎತ್ತತೀರಿ? ಇಬ್ಬರು ಬಂದು ತೋರಸ್ರಿ’ ಎಂದರು. ಯಾರೂ ಏಳಲಿಲ್ಲ. ಎರಡನೇ ಸಲ ಕರೆದರೂ ಏಳಲಿಲ್ಲ. ಮಗಳ ಕಾರ್ಯಕ್ರಮದಲ್ಲಿ ಹೀಗಾಗಬಾರದೆಂದು ಅಬ್ಬಾ ಎದ್ದರು, ಚಾಚಾನ ಕೈ ಹಿಡಿದು ಎಬ್ಬಿಸಿದರು. ನಾನು ಸಭೆಯ ಹಿಂದೆ, ಪರದೆಗೆ ಚಿತ್ರ ಬಿಡುವ ಕಂಪ್ಯೂಟರಿನ ಹತ್ತಿರ ಇದ್ದೆ. ಜನರನ್ನು ಸರಿಸಿಕೊಂಡು ಅರ್ಧ ದಾರಿ ಬರುವಷ್ಟರಲ್ಲಿ ಅಬ್ಬಾ ಮೈಲಾರಿಯ ಕಂಕುಳಿಗೆ ಕೈ ಕೊಟ್ಟಿದ್ದರು, ಚಾಚಾ ಮೊಣಕಾಲಿನ ಕೆಳಗೆ. ನಿನ್ನನ್ನು ಎತ್ತಿದ ಹಾಗೆಯೇ.

ಮೈಲಾರಿಯ ನಡು ಜೋಲಿಯ ಹಾಗೆ ಕೆಳಗೆ ಇಳಿಯಿತು. ಪರದೆ ಪೂರಾ ಕೆಂಪಾಗಿ ಯಂತ್ರ ಕೂಗಿಕೊಂಡಿತು. ಜನ ನಕ್ಕರು. ಚಾಚಾ ಕೂಡ ನಾಚಿಕೆಯಿಂದ ನಕ್ಕ. ಆಗ ಡಾಕ್ಟರು ಹೇಳಿದ ಮಾತನ್ನು ನೀನು ವಿಡಿಯೊದಲ್ಲಿ ಕೇಳಿದ್ದೀಯ: ‘ನೋಡ್ರಿ, ಬಿದ್ದಾಗ ಇವ ಅರ್ಧಾನ ಸತ್ತಿದ್ದ. ಉಳದ ಅರ್ಧಾ ಇವರಿಬ್ಬರು ಕೊಂದ್ರು. ಇನ್ನ ಈ ಹುಡುಗ ಜನ್ಮದಾಗ ಎದ್ದ ನಿಂದ್ರೂದಿಲ್ಲ.’

ವಿಡಿಯೊ ಅಲ್ಲಿಗೆ ಕತ್ತರಿಸಿದೆ. ಆಮೇಲಿನದನ್ನು ನಾನು ಹೇಳುತ್ತೇನೆ. ಅಬ್ಬಾ ಮೈಲಾರಿಯನ್ನು ಮೆಲ್ಲಗೆ ನೆಲಕ್ಕಿಳಿಸಿದರು. ಅವನ ಅಂಗಿ ಮೇಲೆ ಸರಿದಿತ್ತು, ಅದನ್ನು ಎಳೆದು ಸರಿಮಾಡಿದರು. ನೋವಾಯಿತೇ ಎಂದು ಕೇಳಿದರು. ಅವನು ಇಲ್ಲ ಎಂದ ಮೇಲೆ ಡಾಕ್ಟರ ಕಡೆ ತಿರುಗಿ, ಮೈಕು ಇಲ್ಲದೆಯೇ ಕೇಳಿದರು.

‘ಸಾಹೇಬ್ರ, ಈ ಮಷಿನ್ ಹೇಳೂದು ಖರೇ ಐತ್ರಿ?’

‘ಮಷಿನ್ ಸುಳ್ಳ ಹೇಳೂದಿಲ್ಲ ಅಜ್ಜಾ’ ಎಂದರು ಡಾಕ್ಟರು.

ಅಬ್ಬಾ ವೇದಿಕೆಯ ಮೆಟ್ಟಿಲಿಳಿದು, ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳದೆ, ಹೊರಗೆ ಹೋದರು. ಎಲೆಯ ಪೆಂಡಿ ಕುರ್ಚಿಯ ಮೇಲೆಯೇ ಉಳಿಯಿತು.

ಚಹಾದ ಹೊತ್ತಿಗೆ ಯಾರೋ ಡಾಕ್ಟರಿಗೆ ನಿನ್ನ ವಿಷಯ ಹೇಳಿದರು. ಅವರು ನನ್ನ ಹತ್ತಿರ ಬಂದರು. ಒಂದು ಮಾತು ತಪ್ಪಾಯಿತು ಅನ್ನುತ್ತಾರೆ ಎಂದುಕೊಂಡೆ. ಗೊತ್ತಿಲ್ಲದೆ ಆಡಿದ ಮಾತು, ಅಷ್ಟಂದಿದ್ದರೆ ನಾನು ಅಲ್ಲೇ ಕ್ಷಮಿಸಿಬಿಡುತ್ತಿದ್ದೆ, ಮುಬಶೀರ. ಅವರ ಕಣ್ಣು ಹೊಳೆಯುತ್ತಿತ್ತು. ಇಂಥ ಉದಾಹರಣೆ ಹುಡುಕಿಕೊಂಡು ಹೋದರೂ ಸಿಗುವುದಿಲ್ಲ, ನಿಮ್ಮ ತಂದೆಯವರು ಹಿರೇಕೆರೂರಿನ ಶಿಬಿರಕ್ಕೂ ಬಂದು ನಾಲ್ಕು ಮಾತು ಹೇಳಲಿ, ಮಗನಿಗೆ ಏನಾಯಿತೆಂದು ಅವರೇ ಹೇಳಿದರೆ ನನ್ನ ನೂರು ಭಾಷಣಕ್ಕೆ ಸಮ ಎಂದರು. ನನ್ನ ಕೈಯಲ್ಲಿ ಬಿಸಿ ಚಹಾ ಇತ್ತು. ಅದನ್ನು ಮೇಜಿನ ಮೇಲಿಟ್ಟದ್ದು ನನ್ನ ಪುಣ್ಯವೋ ಅವರ ಪುಣ್ಯವೋ ತಿಳಿಯದು. ಬರುವುದಿಲ್ಲ, ನೀವು ಇನ್ನೊಮ್ಮೆ ಆ ಮಾತು ಎತ್ತಬೇಡಿ ಎಂದು ಹೇಳಿ ಬಂದೆ.

ವಾರ ಕಳೆಯುವುದರೊಳಗೆ, ಯೋಜನೆಯವರು ತಮ್ಮ ಪುಟಕ್ಕೆ ಹಾಕಿದ ವಿಡಿಯೊ ಓಡಾಡತೊಡಗಿತು. ಮೇಲೆ ದಪ್ಪ ಅಕ್ಷರದಲ್ಲಿ ‘ಹೆತ್ತ ತಂದೆಯ ಕೈಯೇ ಮಗನಿಗೆ ಮುಳುವಾಯಿತು’. ಹಿಂದೆ ಅಳುವ ಪಿಟೀಲು. ಕೊನೆಯಲ್ಲಿ ಯಾರದೋ ಗಾಲಿಕುರ್ಚಿಯ ಚಿತ್ರ. ಹಾನಗಲ್ಲು, ಬಂಕಾಪುರ, ಶಿಗ್ಗಾಂವ, ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹೋಯಿತು. ಎಲೆ ಮಾರುವ ಜಾಗದಲ್ಲಿ ಒಬ್ಬ ದಲಾಲ ಅಬ್ಬಾನಿಗೇ ತೋರಿಸಿದ. ಅಬ್ಬಾ ಓದಿದ್ದು ಉರ್ದು, ಮೇಲಿನ ಕನ್ನಡ ಸಾಲು ತಿಳಿಯಲಿಲ್ಲ. ಅದೇನು ಬರೆದಿದೆ ಓದಿ ಹೇಳಪ್ಪಾ ಎಂದು ಅವನನ್ನೇ ಕೇಳಿದರು. ಅವನು ಓದಿ ಹೇಳಿದ. ಗಟ್ಟಿಯಾಗಿ ಓದಿ ಹೇಳಿದ, ಮುಬಶೀರ.

ಮರುದಿನ ಜಮಾಲಸಾಬ ಚಾಚಾ ಮನೆಗೆ ಬಂದ. ಅಮ್ಮಾ ನೀರು ಕೊಟ್ಟರೆ ಕುಡಿಯಲಿಲ್ಲ. ಬಾಗಿಲ ಹತ್ತಿರವೇ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕೇಳಿದ: ‘ಬೇಟಿ, ಅವ ತೋಳ ಹಿಡದಿದ್ದ, ನಾ ಕಾಲ ಹಿಡದಿದ್ದೆ. ನಿಮ್ಮ ಮಷಿನ್ ನೋಡಿ ಹೇಳವಾ, ಯಾರ ಕಡಿಂದ ಆತದು?’ ಯಾರ ಕಡೆಯಿಂದಲೂ ಆಗಿಲ್ಲ ಚಾಚಾ ಎಂದೆ. ನಂಬಲಿಲ್ಲ. ಅಂದಿನಿಂದ ಅವನು ನಮ್ಮ ಓಣಿಗೆ ಕಾಲಿಟ್ಟಿಲ್ಲ. ಬಾಲ್ಯದಿಂದ ಒಂದೇ ತೋಟದಲ್ಲಿ ದುಡಿದವರು ಈಗ ಒಬ್ಬರು ಬರುವ ದಾರಿಯಲ್ಲಿ ಇನ್ನೊಬ್ಬರು ಹೋಗುವುದಿಲ್ಲ.

ಇವತ್ತಿಗೆ ಇಷ್ಟು ಸಾಕು. ತರನ್ನುಮಳ ಕೂಸು ಅಳುತ್ತಿದೆ, ಅವಳು ಬಾಣಂತನಕ್ಕೆ ತವರಿಗೆ ಬಂದು ಇಲ್ಲೇ ಇದ್ದಾಳೆ. ನಾಳಿದ್ದು ಬರೆದು ಮುಗಿಸುತ್ತೇನೆ.

ಮಂಗಳವಾರ, ೧೯

ಎರಡು ದಿನ ಬಿಟ್ಟು ಬರೆದರೆ ಸಿಟ್ಟು ಆರಬಹುದು ಅಂದುಕೊಂಡೆ. ಆರಿಲ್ಲ.

ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತಿದ್ದೇನೆ. ಯಾಕೆಂದರೆ ಊರು ಈಗ ಅದನ್ನು ಬೇರೆ ಥರ ಹೇಳುತ್ತಿದೆ, ಕೇಳಿ ಕೇಳಿ ನನಗೇ ಮರೆತು ಹೋದೀತು. ಹೋದ ವರ್ಷ ಬಳ್ಳಿ ಇಳಿಸಿ ಕಟ್ಟುವ ಕಾಲದಲ್ಲಿ ನೀನು ಏಣಿಯ ಮೇಲಿಂದ ಬಿದ್ದೆ. ತೋಟದ ಅಂಚಿನ ಕಲ್ಲಿನ ಮೇಲೆ ಬೆನ್ನು ಬಿತ್ತು. ಅಬ್ಬಾ ಆಂಬುಲೆನ್ಸಿಗೆ ಫೋನ್ ಹಚ್ಚಿದರು. ತೋಟದೊಳಗೆ ಗಾಡಿ ಬರುವ ದಾರಿಯಿಲ್ಲ, ರಸ್ತೆಗೆ ತನ್ನಿ ಎಂದರಂತೆ. ನೀನು ಒದರುತ್ತಿದ್ದೆ. ಅಲ್ಲಿದ್ದವರು ಇಬ್ಬರೇ ಮುದುಕರು. ಹಲಗೆ ಇಲ್ಲ, ಕುತ್ತಿಗೆ ಪಟ್ಟಿ ಇಲ್ಲ, ಬಿದ್ದವನನ್ನು ಹೀಗೆ ಮುಟ್ಟಬೇಕು ಎಂದು ಅವರಿಗೆ ಹುಟ್ಟಿದಾಗಿನಿಂದ ಒಬ್ಬರೂ ಹೇಳಿಕೊಟ್ಟಿಲ್ಲ. ಎತ್ತಿದರು. ಎಲೆಯ ಪೆಂಡಿ ಸಾಗಿಸಲು ತೋಟದ ಕಿರುದಾರಿಯಲ್ಲೂ ನುಗ್ಗುವ ಟಂಟಂ ರಿಕ್ಷಾದಲ್ಲಿ ಮಲಗಿಸಿಕೊಂಡು ರಸ್ತೆಗೆ ಬಂದರು. ಅವರ ಜಾಗದಲ್ಲಿ ಗುತ್ತಲ ಡಾಕ್ಟರ ತಂದೆ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದರು. ಕಲಿಸದೆ ಇದ್ದವರ ಮೈಗೆ ಯಾರೂ ಸೆನ್ಸರ್ ಕಟ್ಟುವುದಿಲ್ಲ. ಎತ್ತಿದವರ ಹೆಸರು ಮಾತ್ರ ಊರೆಲ್ಲ ತಿರುಗುತ್ತದೆ.

ನಾನು ಶಿಗ್ಗಾಂವದಲ್ಲಿ ಪ್ರಾಂಶುಪಾಲರ ಕೋಣೆಗೆ ಹೋಗಿ, ಆ ವಿಡಿಯೊ ತೆಗೆಸಿರಿ ಎಂದೆ. ಡಾಕ್ಟರ್ ಸಾಹೇಬರ ಜೊತೆ ಸ್ವಲ್ಪ ಹೊಂದಿಕೊಂಡು ಹೋಗಮ್ಮ, ದೊಡ್ಡ ಯೋಜನೆ, ಕಾಲೇಜಿಗೆ ಹೆಸರು ಬಂದಿದೆ ಎಂದರು. ಡಾಕ್ಟರೂ ಅಲ್ಲೇ ಇದ್ದರು. ನಿಮ್ಮ ಮನೆಯ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಆ ವಿಡಿಯೊ ನೋಡಿ ನೂರು ಜನರ ಬೆನ್ನು ಉಳಿದರೆ ಅದು ದೊಡ್ಡದಲ್ಲವೇ ಎಂದು ಮೆತ್ತಗಿನ ದನಿಯಲ್ಲಿ ಕೇಳಿದರು. ಅರ್ಥವಾಗುತ್ತದೆ ಎನ್ನುವವರ ಮೆತ್ತಗಿನ ದನಿ ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಹೇಗೆ ಎತ್ತಬೇಕು ಎಂದು ನೂರು ಜನರಿಗೆ ತೋರಿಸಿರಿ, ಅದು ಬಿಟ್ಟು ಯಾರು ಎತ್ತಿ ಕೆಡಿಸಿದರು ಎಂದು ತೋರಿಸಿದರೆ ಯಾರ ಬೆನ್ನು ಉಳಿಯುತ್ತದೆ ಎಂದು ಕೇಳಿದೆ. ನೀವು ಮಗಳಾಗಿ ಮಾತಾಡುತ್ತಿದ್ದೀರಿ, ಶಿಕ್ಷಕಿಯಾಗಿ ಯೋಚಿಸಿ ಎಂದರು.

ಶಿಕ್ಷಕಿಯಾಗಿಯೇ ಯೋಚಿಸಿದೆ. ಅದೇ ವಾರ ಹಾನಗಲ್ಲ ರಸ್ತೆಯಲ್ಲಿ ಒಂದು ಬೈಕು ಬಿತ್ತು. ಬಿದ್ದವನು ಅಂಗಾತ ಬಿದ್ದಿದ್ದ, ಬಾಯಿತುಂಬ ರಕ್ತ, ಗಂಟಲಲ್ಲಿ ಗೊರಗೊರ ಸದ್ದು. ಸುತ್ತ ಜನ ನಿಂತಿದ್ದರು. ಒಬ್ಬರೂ ಅವನನ್ನು ಮಗ್ಗುಲಿಗೆ ಹೊರಳಿಸಲಿಲ್ಲ. ಆ ದಾರಿಯಲ್ಲೇ ಬಸ್ಸಿನಲ್ಲಿ ಅಕ್ಕಿಆಲೂರಿಗೆ ಹೊರಟಿದ್ದ ಸಮತಾ ಇಳಿದು ಓಡಿದರೆ, ಅವಳನ್ನೇ ತಡೆದರಂತೆ. ‘ಮುಟ್ಟಬ್ಯಾಡವಾ, ಆ ವಿಡಿಯೊ ನೋಡಿಲ್ಲೇನು, ಕೇಸ ನಿನ್ನ ಮ್ಯಾಲ ಬರತೈತಿ’ ಎಂದರಂತೆ. ಅವಳು ಅವರನ್ನು ಬೈದು, ಮೂವರ ಕೈ ಹಿಡಿದು ಜಾಗದಲ್ಲಿ ಕೂರಿಸಿ, ತಾನು ತಲೆ ಹಿಡಿದು, ಎಲ್ಲರಿಂದ ಒಟ್ಟಿಗೆ ಹೊರಳಿಸಿದಳು. ಅವನು ಬದುಕಿದ. ಉಸಿರು ಕಟ್ಟಿ ಸಾಯುವವನನ್ನು ಕೈಕಟ್ಟಿ ನೋಡುವಂತೆ ಜನರನ್ನು ಹೆದರಿಸಿದ್ದು ಆ ವಿಡಿಯೊ. ನಾವು ಕಲಿಸಲು ಹೊರಟದ್ದು ಇದನ್ನೇ?

ಹಿರೇಕೆರೂರಿನ ಶಿಬಿರ ಹೋದ ವಾರ ಆಯಿತು. ಡಾಕ್ಟರು ವಿಡಿಯೊ ಹಾಕುವುದಿಲ್ಲ ಎಂದು ಪ್ರಾಂಶುಪಾಲರು ನನಗೆ ಮಾತು ಕೊಟ್ಟಿದ್ದರು. ಅದನ್ನು ನಂಬಿ ಹೋದೆ. ತಾಲೂಕಿನ ಅಧಿಕಾರಿಗಳು, ಪಂಚಾಯಿತಿಯವರು, ಆಶಾ ಕಾರ್ಯಕರ್ತೆಯರು, ಬಹಳ ರೈತರು ಬಂದಿದ್ದರು. ಸ್ವಾಗತ ಭಾಷಣ ಮುಗಿಯುತ್ತಿದ್ದಂತೆ ಪರದೆಯ ಮೇಲೆ ಅಬ್ಬಾನ ಮುಖ ಬಂತು. ಅಷ್ಟು ದೊಡ್ಡ ಮುಖ. ಪಿಟೀಲು ಶುರುವಾಯಿತು. ಇಸ್ತ್ರಿ ಮಾಡಿದ ಅದೇ ಬಿಳಿ ಅಂಗಿ.

ನಾನು ಹೋಗಿ ವೈರು ಕಿತ್ತೆ. ಮೈಕು ತೆಗೆದುಕೊಂಡೆ. ಮೈಲಾರಿಯನ್ನು ಕರೆದೆ. ಅವನು ಹಿಂದೆ ಹಲಗೆ ಒರೆಸುತ್ತಿದ್ದವನು ಒದ್ದೆ ಕೈಯಲ್ಲೇ ಬಂದು ನನ್ನ ಪಕ್ಕ ನಿಂತ. ಅಂದು ಏನು ಹೇಳಿದೆನೋ ಹಾಗೆಯೇ ಬರೆಯುತ್ತೇನೆ, ಯಾಕೆಂದರೆ ಅದು ನಿನಗೂ ಸೇರಿದ ಮಾತು.

‘ಈಗ ನೋಡಿದ್ರೆಲ್ಲ, ಆ ಹಿರ್ಯಾರು ನನ್ನ ತಂದಿ. ಅವರು ಎತ್ತಿದ್ದು ಇವನನ್ನ. ಇವ ಎದ್ದ ನಿಂದ್ರೂದಿಲ್ಲ ಅಂತ ಹೇಳಿದ್ರು, ಇಲ್ಲೇ ನಿಂತಾನ ನೋಡ್ರಿ. ಇವನ ನಡ ಅವತ್ತ ಎಷ್ಟ ಬಾಗಿತ್ತು ಅಂತ ಮಷಿನ್ ಹೇಳೇತಿ, ಅದು ಖರೇನ. ಆದ್ರ ನನ್ನ ತಮ್ಮ ಬಿದ್ದ ದಿನ ಅವನ ಮೈಗೆ ಯಾರೂ ಮಷಿನ್ ಕಟ್ಟಿರಲಿಲ್ಲ. ಕಲ್ಲಿನ ಪೆಟ್ಟಿಗೆ ಆತೋ ಎತ್ತಿದ್ದಕ್ಕ ಆತೋ, ಅದು ಯಾರಿಗೂ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಒಬ್ಬ ತಂದಿ ತಲೀ ಮ್ಯಾಲ ಹೇರಬ್ಯಾಡ್ರಿ.’

ಡಾಕ್ಟರು ಎದ್ದು, ಮೇಡಂ ಸ್ವಲ್ಪ ಭಾವುಕರಾಗಿದ್ದಾರೆ, ಐದು ನಿಮಿಷ ವಿರಾಮ ತೆಗೆದುಕೊಳ್ಳೋಣ ಎಂದರು. ವಿರಾಮ ಬೇಡ ಎಂದೆ. ಪೆಟ್ಟಿಗೆ ತೆರೆದು ಮೈಲಾರಿಯ ಹಣೆಗೆ, ಎದೆಗೆ, ನಡುವಿಗೆ ನಾನೇ ಸೆನ್ಸರ್ ಕಟ್ಟಿದೆ. ಮುಂದಿನ ಸಾಲಿನಿಂದ ನಾಲ್ಕು ಜನರನ್ನು ಕರೆದೆ. ಗುತ್ತೆವ್ವ ಎಂಬ ಹೆಂಗಸು ತಲೆಯ ಕಡೆ ಕೂತಳು. ತಲೆ ಹಿಡಿದವರು ಹೇಳುವವರೆಗೆ ಯಾರೂ ಅಲುಗಬಾರದು, ಮೂಗು, ಹೊಕ್ಕುಳ ಒಂದೇ ಗೆರೆಯಲ್ಲಿರಬೇಕು ಎಂದು ಹೇಳಿಕೊಟ್ಟೆ. ಮೊದಲ ಸಲ ಕೆಂಪಾಯಿತು. ಗುತ್ತೆವ್ವ ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಮುಖ ನೋಡಿದಳು, ಆಕೆಗೂ ಆ ಹೆದರಿಕೆ ಹೊಕ್ಕಿತ್ತು. ‘ಕೆಂಪ ಬಂದ್ರ ಯಾರೂ ಸತ್ತಿಲ್ಲವಾ, ಮತ್ತ ಹಿಡಿ’ ಎಂದೆ. ಮತ್ತೆ ಹಿಡಿದಳು. ಮಾಡುತ್ತ ಮಾಡುತ್ತ ಹಸಿರು ಬಂತು. ಆಮೇಲೆ ಜನ ತಾವೇ ಸರದಿ ನಿಂತರು. ಯಾರೂ ನಗಲಿಲ್ಲ. ಡಾಕ್ಟರು ಸ್ವಲ್ಪ ಹೊತ್ತು ಕೂತಿದ್ದು, ಅಧಿಕಾರಿಗಳ ಕಾರಿನಲ್ಲೇ ಹೋದರು.

ಮುಂದೇನಾಯಿತೆಂದು ಕೇಳುತ್ತೀಯ. ಶಿಸ್ತು ಮೀರಿದ್ದೇಕೆ ಎಂದು ನನಗೆ ನೋಟಿಸು ಬಂದಿದೆ, ಉತ್ತರ ಕೊಟ್ಟಿದ್ದೇನೆ. ತನ್ನನ್ನು ಕೇಳದೆ ತನ್ನ ವಿಡಿಯೊ ಹಾಕಿದ್ದಾರೆ ಎಂದು ಮೈಲಾರಿಯೂ ಅರ್ಜಿ ಕೊಟ್ಟ. ಮಗಳ ಮಾತಿಗೆ ಬಗ್ಗದವರು ಆ ಅರ್ಜಿಗೆ ಬಗ್ಗಿ, ಯೋಜನೆಯ ಪುಟದಿಂದ ಅದನ್ನು ತೆಗೆದರು. ಜನರ ಫೋನಿನೊಳಗೆ ಹೊಕ್ಕಿದ್ದನ್ನು ಯಾರು ತೆಗೆಯುತ್ತಾರೆ? ಇನ್ನು ಮೇಲೆ ತಪ್ಪು ಕ್ರಮವನ್ನು ಊರಿನವರಿಂದ ಮಾಡಿಸುವುದಿಲ್ಲ ಎಂದು ತೀರ್ಮಾನವಾಗಿದೆ. ಶಿಬಿರಗಳನ್ನು ಸಮತಾ ನಡೆಸುತ್ತಾಳೆ. ನನ್ನನ್ನು ತರಗತಿಗೆ ಮಾತ್ರ ಇಟ್ಟಿದ್ದಾರೆ. ಇರಲಿ. ಪೆಟ್ಟಿಗೆ ನಮ್ಮ ಕಾಲೇಜಿನಲ್ಲೇ ಉಳಿಯಿತು, ನನಗೆ ಅಷ್ಟು ಸಾಕು. ಯಂತ್ರದ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಅದು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ, ಪಾಪ.

ಅಬ್ಬಾನ ವಿಷಯ ಬರೆಯದೆ ಮುಗಿಸಬೇಕೆಂದಿದ್ದೆ, ಆದರೆ ನೀನು ಊಹಿಸಿಕೊಂಡು ಇನ್ನೂ ಹೆಚ್ಚು ಕೊರಗುತ್ತೀಯ. ತೋಟಕ್ಕೆ ಹೋಗುತ್ತಿಲ್ಲ. ಬಳ್ಳಿ ಕಟ್ಟಿಲ್ಲ, ಎಲೆ ನೆಲಕ್ಕೆ ಜೋತು ಬಿದ್ದಿದೆ. ನಮಾಜಿಗೆ ಹೋಗುತ್ತಾರೆ, ಬಂದು ಕೂರುತ್ತಾರೆ. ತರನ್ನುಮ ಕೂಸನ್ನು ಮಡಿಲಿಗೆ ಹಾಕಲು ಹೋದರೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಅಮ್ಮಾ ಎತ್ತಿಕೊಳ್ಳಲಿ ಎನ್ನುತ್ತಾರೆ. ಮೊನ್ನೆ ಅಮ್ಮಾ ರೇಗಿ, ನೀವು ಎತ್ತದೆ ಅಲ್ಲೇ ಬಿಟ್ಟಿದ್ದರೆ ನನ್ನ ಮಗ ಉಳಿಯುತ್ತಿರಲಿಲ್ಲ ಎಂದು ಕೂಗಾಡಿದಳು. ಅವರು ಎದ್ದು ನಮಾಜಿಗೆ ಹೊರಟರು.

ನೀನು ಚೆನ್ನಾಗಿ ಉಣ್ಣು. ಖಾರಾ ಎಲ್ಲರಿಗೂ ಹಂಚಿ ನಿನಗೂ ಒಂದಿಷ್ಟು ಉಳಿಸಿಕೋ. ಮಗ್ಗುಲು ಬದಲಿಸುವುದನ್ನು ಮರೆಯಬೇಡ, ಹುಣ್ಣಾದರೆ ನಾನು ಬಂದು ಬೈಯುತ್ತೇನೆ. ಅಲ್ಲಿ ಕಲಿಯುವುದೆಲ್ಲ ಕಲಿತು, ನಿನ್ನ ಕುರ್ಚಿಯನ್ನು ನೀನೇ ತಳ್ಳಿಕೊಂಡು ನಮ್ಮ ಓಣಿಗೆ ಬಾ. ಅಲ್ಲಾಹ್ ನಿನ್ನ ತೋಳಿನ ಬಲ ಕಾಯಲಿ, ನಿನ್ನ ಮನಸ್ಸನ್ನು ಕಹಿಯಾಗದಂತೆ ಇಡಲಿ. ನನ್ನದು ಆಗಿದೆ, ಮನೆಗೆ ಒಬ್ಬರದು ಸಾಕು.

ನಿನ್ನ ಆಪಾ,
ಫರ್ಹತ

ತಾ.ಕ.: ಹಿರೇಕೆರೂರಿನಲ್ಲಿ ಅಷ್ಟು ಜನರ ಮುಂದೆ ‘ಯಾರಿಗೂ ಗೊತ್ತಿಲ್ಲ’ ಎಂದೆ. ಅದು ಪೂರ್ತಿ ನಿಜವಲ್ಲ ಎಂದು ನಿನಗೆ ಗೊತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಅಬ್ಬಾ ನಮಾಜಿಗೆ ಹೋಗಿದ್ದಾಗ ನೀನು ನನಗೊಬ್ಬಳಿಗೇ ಹೇಳಿದೆ: ಕಲ್ಲಿನ ಹತ್ತಿರ ಬಿದ್ದಿದ್ದಾಗ ಕಾಲ್ಬೆರಳು ಆಡಿಸಿ ನೋಡಿದೆ ಆಪಾ, ಆಡಿದವು, ಟಂಟಂನಲ್ಲಿ ಮಲಗಿಸಿದ ಮೇಲೆ ಆಡಲಿಲ್ಲ ಎಂದು. ಒಳಗೆ ಬಾವು ಏರಿದರೂ ಹಾಗಾಗುತ್ತದೆ ಎಂದು ನಾನಂದೆ. ಅದು ಸುಳ್ಳಲ್ಲ, ಹಾಗೂ ಆಗುತ್ತದೆ. ಆದರೆ ಅಬ್ಬಾನಿಗೆ ‘ಹಾಗೂ ಆಗುತ್ತದೆ’ ಎಂಬುದರ ಮೇಲೆ ಬದುಕಲು ಬರುವುದಿಲ್ಲ. ನನಗೆ ನಿನ್ನ ಮೇಲೂ ಸಿಟ್ಟಿದೆ, ಮುಬಶೀರ. ಅದನ್ನು ನನಗೆ ಯಾಕೆ ಹೇಳಿದೆ? ಮೊನ್ನೆ ಅವರು ನನ್ನನ್ನು ಕೇಳಿದರು, ಬಿದ್ದಾಗ ಅವನ ಕಾಲು ಜೀವಂತ ಇದ್ದವೇ ಎಂದು. ಇಲ್ಲ, ಬಿದ್ದ ಕೂಡಲೇ ಹೋಗಿದ್ದವು, ನೀವು ಮುಟ್ಟುವ ಮೊದಲೇ ಹೋಗಿದ್ದವು ಎಂದೆ. ನಿನ್ನ ಬಾಯಿಂದ ಒಮ್ಮೆ ಕೇಳಬೇಕಂತೆ. ಶುಕ್ರವಾರ ಜುಮ್ಮಾ ಮುಗಿಸಿ ಫೋನ್ ಮಾಡುತ್ತಾರೆ. ಕೇಳಿದ ಕೂಡಲೇ, ಆಗಲೇ ಹೋಗಿದ್ದವು ಎಂದು ಹೇಳಿಬಿಡು. ನೀನು ಒಂದು ಉಸಿರಿನಷ್ಟು ತಡೆದರೂ ಅವರಿಗೆ ತಿಳಿದುಹೋಗುತ್ತದೆ.